ಝೆರಾಕ್ಸ್ ಅಂಗಡಿಯಲ್ಲಿ ತೀರ್ಮಾನವಾಗುವ ಬದುಕು: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

ನೌಕರಿಯಲ್ಲಿದ್ದಷ್ಟು ದಿನ ನಿಮಗೆ ಬಹಿರಂಗ ಪತ್ರ ಬರೆಯುವ ಹಾಗಿರಲಿಲ್ಲ. ಬರೆದಿದ್ದರೆ ಮರುದಿನವೇ ಬಿಇಓ ಕಚೇರಿಯಿಂದ ಕಾರಣ ಕೇಳಿ ನೋಟಿಸು ಬರುತ್ತಿತ್ತು. ಈಗ ನಿವೃತ್ತಳಾಗಿದ್ದೇನೆ, ಪೆನ್ಷನ್ ಕಾಗದಗಳೂ ಕೈಗೆ ಬಂದಿವೆ. ಇನ್ನು ಹೆದರಿಕೆ ಇಲ್ಲ.

ಗದಗ ಜಿಲ್ಲೆಯ ಮೂರು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಟ್ಟು 31 ವರ್ಷ ಗಣಿತ ಹೇಳಿಕೊಟ್ಟವಳು ನಾನು. ಈ 31 ವರ್ಷಗಳಲ್ಲಿ ನಿಮ್ಮ ಇಲಾಖೆ ನನ್ನಿಂದ ಎಷ್ಟೋ ಲೆಕ್ಕ ಕೇಳಿದೆ. ಹಾಜರಾತಿ, ಮೊಟ್ಟೆ-ಬಾಳೆಹಣ್ಣು, ಶೂ-ಸಾಕ್ಸ್ ಅಳತೆ, ಶೇಕಡಾವಾರು ಫಲಿತಾಂಶ, ಯಾವ ವಿಷಯದಲ್ಲಿ ಎಷ್ಟು ಮಂದಿ ಫೇಲು, ಯಾಕೆ ಫೇಲು. ಎಲ್ಲಕ್ಕೂ ಉತ್ತರ ಬರೆದು ಕಳಿಸಿದ್ದೇನೆ. ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ: ಪಾಸಾದ ಹುಡುಗರು ಆಮೇಲೆ ಎಲ್ಲಿಗೆ ಹೋದರು?

ಅವರು ಎಲ್ಲಿಗೆ ಹೋದರು ಎನ್ನುವುದಕ್ಕಿಂತ ಮೊದಲು, ಎಲ್ಲಿಗೆ ಹೋಗಬೇಕೆಂಬುದು ಎಲ್ಲಿ ತೀರ್ಮಾನವಾಗುತ್ತದೆ ಎಂದು ಹೇಳುತ್ತೇನೆ. ನಮ್ಮೂರ ಬಸ್ ಸ್ಟ್ಯಾಂಡಿನ ಎದುರು ಒಂದು ಝೆರಾಕ್ಸ್ ಅಂಗಡಿ ಇದೆ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ಮೇಲೆ 'ಇಲ್ಲಿ ಎಲ್ಲಾ ಆನ್‌ಲೈನ್ ಅರ್ಜಿ ಹಾಕಲಾಗುವುದು' ಎಂಬ ಬೋರ್ಡು. ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಅಲ್ಲಿ ಪಾಳಿ ಹಚ್ಚಿ ನಿಲ್ಲಬೇಕು. ಅಂಗಡಿಯ ಹುಡುಗ ಒಳ್ಳೆಯವನು, ನನ್ನ ಶಿಷ್ಯನೇ, ಬಿಎ ಮಾಡಿ ಕೆಲಸ ಸಿಗದೆ ಆ ಅಂಗಡಿ ಇಟ್ಟವನು. ಮಾರ್ಕ್ಸ್ ಕಾರ್ಡಿನ ಪ್ರಿಂಟ್ ಕೊಡುತ್ತಾ ಕೇಳುತ್ತಾನೆ: "ಮುಂದ ಎದಕ್ಕ ಹಚ್ಚಾವ್ರು, ಕಾಕಾರ?" ಬಿಸಿಲಲ್ಲಿ ನಿಂತ ಅಪ್ಪ ಹೇಳುತ್ತಾನೆ: "ನೀನ ಹೇಳಪಾ, ನಮಗೇನ್ ಗೊತ್ತಾಗ್ತದ." ಆ ಹುಡುಗ ಅಂಕ ನೋಡುತ್ತಾನೆ, ಅಪ್ಪನ ಅಂಗಿ ನೋಡುತ್ತಾನೆ, ಒಂದು ಮಾತು ಹೇಳುತ್ತಾನೆ. ಅಲ್ಲಿಗೆ ತೀರ್ಮಾನವಾಯಿತು. ನಮ್ಮ ತಾಲ್ಲೂಕಿನ ವೃತ್ತಿ ಮಾರ್ಗದರ್ಶನ ಕೇಂದ್ರ ಅದು, ಸಚಿವರೇ. ಫೀ 50 ರೂಪಾಯಿ, ಪ್ರಿಂಟಿಗೆ ಬೇರೆ.

ಕೆಲವು ವರ್ಷಗಳ ಹಿಂದೆ ಇಂಥದೇ ಇನ್ನೊಂದು ಅಂಗಡಿಯಲ್ಲಿ ನಡೆದದ್ದನ್ನು ಬರೆಯುತ್ತೇನೆ. ನಮ್ಮ ಶಾಲೆಯಲ್ಲಿ ಓದಿ, ಪಿಯುಸಿ ಸೈನ್ಸ್ ಮಾಡಿದ ಒಬ್ಬ ಹುಡುಗ. ಅಪ್ಪನಿಗೆ ನಾಲ್ಕು ಎಕರೆ ಎರೆ ಹೊಲ. ಹುಡುಗ ಬಿತ್ತುವುದು, ಎಡೆ ಹೊಡೆಯುವುದು ಎಲ್ಲವನ್ನೂ ಬಲ್ಲವನು. ಹತ್ತು ಬೀಜ ಕಲಸಿ ಅಂಗೈಯಲ್ಲಿಟ್ಟರೆ ಕಣ್ಣುಮುಚ್ಚಿ ಬೆರಳಲ್ಲೇ ಇದು ಕಡಲಿ, ಇದು ಹೆಸರು, ಇದು ಕುಸುಬಿ ಎನ್ನುತ್ತಿದ್ದ. ಬಿಎಸ್ಸಿ ಅಗ್ರಿ ಮಾಡಬೇಕೆಂದು ಆಸೆ. ಕೃಷಿ ಪದವಿಯಲ್ಲಿ ರೈತರ ಮಕ್ಕಳಿಗೆಂದೇ ಸೀಟುಗಳನ್ನು ಕಾದಿರಿಸಿದ್ದಾರೆ. ಅದಕ್ಕೆ ಸಿಇಟಿಯ ಜೊತೆಗೆ ಪ್ರಾಯೋಗಿಕ ಪರೀಕ್ಷೆಯೊಂದಿದೆ, ಬೀಜ, ಕಳೆ, ಸಲಕರಣೆ ಗುರುತಿಸುವ ಪರೀಕ್ಷೆ. ಅವನಿಗೆ ಅದು ಆಟ. ಆದರೆ ಸಿಇಟಿ ಅರ್ಜಿಯಲ್ಲಿ 'ಕೃಷಿಕರ ಕೋಟಾ ಕೇಳುತ್ತೀರಾ' ಎಂಬಲ್ಲಿ ಹೌದು ಎಂದು ಒತ್ತಬೇಕಿತ್ತು. ಅಂಗಡಿಯವನು ಒತ್ತಲಿಲ್ಲ. ಹುಡುಗನಿಗೆ ಅಂಥದೊಂದು ಚೌಕ ಇದೆ ಎಂಬುದೇ ತಿಳಿದಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆ ಪರೀಕ್ಷೆ ನಡೆದ ದಿನ ಅವನು ಹೊಲದಲ್ಲಿದ್ದ. ಸಾಮಾನ್ಯ ಪಟ್ಟಿಯಲ್ಲಿ ರ‍್ಯಾಂಕು ಸಾಕಾಗಲಿಲ್ಲ. ಈಗ ಹುಬ್ಬಳ್ಳಿಯಲ್ಲಿ ಒಂದು ಮೊಬೈಲ್ ಅಂಗಡಿಯ ಕೌಂಟರಿನಲ್ಲಿದ್ದಾನೆ.

ಇದರಲ್ಲಿ ತಪ್ಪು ಯಾರದು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಅಂಗಡಿಯವನದು ಅಲ್ಲ. ಒಂದು ದಿನಕ್ಕೆ 80 ಅರ್ಜಿ ತುಂಬುವವನಿಗೆ ಯಾರ ಹೊಲ ಎಷ್ಟು ಎಕರೆ ಎಂದು ತಿಳಿಯುವುದು ಸಾಧ್ಯವಿಲ್ಲ. ಹುಡುಗನದೂ ಅಲ್ಲ. ತಪ್ಪು ಎಲ್ಲಿದೆ ಎಂದರೆ, ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಮಗು ನಿಮ್ಮದು, ಮುಗಿದ ಮರುದಿನ ಯಾರದೂ ಅಲ್ಲ. ಪಿಯು ನಿಮ್ಮಲ್ಲೇ ಇದೆ, ನಿಜ. ಆದರೆ ಪಾಲಿಟೆಕ್ನಿಕ್ ಮತ್ತು ಸಿಇಟಿ ಉನ್ನತ ಶಿಕ್ಷಣದವರ ಕೈಯಲ್ಲಿ. ಐಟಿಐ, ಜಿಟಿಟಿಸಿ ಎಂಬ ಸರ್ಕಾರಿ ತರಬೇತಿ ಕೇಂದ್ರಗಳು ಕೌಶಲ್ಯಾಭಿವೃದ್ಧಿ ಇಲಾಖೆಯಲ್ಲಿ. ಕೃಷಿ ಡಿಪ್ಲೊಮಾ ಕೃಷಿ ವಿಶ್ವವಿದ್ಯಾಲಯಗಳಲ್ಲಿ. ನರ್ಸಿಂಗ್, ಪ್ಯಾರಾಮೆಡಿಕಲ್ ವೈದ್ಯಕೀಯ ಶಿಕ್ಷಣದವರಲ್ಲಿ. ಕೈಮಗ್ಗದ ಡಿಪ್ಲೊಮಾ ಜವಳಿಯವರಲ್ಲಿ. ಪ್ರತಿಯೊಬ್ಬರೂ ತಮ್ಮ ಪ್ರಕಟಣೆಯನ್ನು ತಮ್ಮ ವೆಬ್‌ಸೈಟಿನಲ್ಲಿ, ತಮಗೆ ತೋಚಿದ ತಾರೀಖಿಗೆ ಹಾಕುತ್ತಾರೆ. ಒಂದು ಹಳ್ಳಿಯ ಅಪ್ಪ ಅರ್ಧ ಡಜನ್ ಇಲಾಖೆಯ ವೆಬ್‌ಸೈಟ್ ನೋಡಬೇಕು ಎಂಬುದು ನಿಮ್ಮೆಲ್ಲರ ನಿರೀಕ್ಷೆ. ಅವನಿಗೆ ಸಿಗುವುದು ಬಸ್ ಸ್ಟ್ಯಾಂಡಿನ ಅಂಗಡಿ.

ನಮ್ಮ ಕಡೆ ಒಂದು ಮಾತಿದೆ. "ಶ್ಯಾಣ್ಯಾ ಇದ್ರ ಸೈನ್ಸ್, ಸುಮಾರಿದ್ರ ಕಾಮರ್ಸ್, ದಡ್ಡ ಇದ್ರ ಆರ್ಟ್ಸ್, ಎದಕ್ಕೂ ಬರಲಾರದವಗ ಐಟಿಐ." ಊರಿನ ಹಿರಿಯರಿಂದ ಹಿಡಿದು ನಮ್ಮ ಸ್ಟಾಫ್ ರೂಮಿನವರೆಗೆ ಎಲ್ಲರ ಬಾಯಲ್ಲೂ ಇದೇ ಮಾತು. ಇದನ್ನು ಒಡೆಯಲು ನಾವು ಯಾರೂ ಏನೂ ಮಾಡಲಿಲ್ಲ. 625ಕ್ಕೆ 560 ತಂದವಳು ಸೈನ್ಸಿಗೆ ಹೋಗಲೇಬೇಕು, ಅವಳಿಗೆ ಇತಿಹಾಸದಲ್ಲಿ ಜೀವ ಇದ್ದರೂ. 340 ತಂದವನು ಆರ್ಟ್ಸಿಗೆ ಹೋಗಲೇಬೇಕು, ಅವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರೆ ಮೋಟಾರು ಬಿಚ್ಚಿ ಜೋಡಿಸುವವನಾದರೂ. ಅಂಕಕ್ಕೂ ಸಾಮರ್ಥ್ಯಕ್ಕೂ ಸಂಬಂಧವಿಲ್ಲ ಎಂದಲ್ಲ, ನಾನು ಗಣಿತದವಳು, ಅಂಕವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಆದರೆ ಒಂದೇ ಅಳತೆಗೋಲಿನಿಂದ ಎತ್ತರವನ್ನೂ ತೂಕವನ್ನೂ ಅಳೆಯಲು ಹೊರಟಿದ್ದೇವೆ.

ಸೈನ್ಸಿಗೆ ಹೋದ ಆ 560ರವಳ ಕಥೆಯನ್ನೂ ಕೇಳಿ. ಹತ್ತು ವರ್ಷ ಕನ್ನಡದಲ್ಲಿ ಓದಿದವಳು. ನಾನೇ ಅವಳಿಗೆ ಸಮಾಂತರ ಶ್ರೇಢಿ ಕಲಿಸಿದ್ದೆ, ಬೋರ್ಡಿನ ಮೇಲೆ ಅವಳು ಸೂತ್ರ ಬರೆದರೆ ನಾನು ಕುಳಿತು ನೋಡುತ್ತಿದ್ದೆ. ಜೂನ್‌ನಲ್ಲಿ ಪಿಯು ಕಾಲೇಜಿಗೆ ಹೋದಳು. ಅಲ್ಲಿ ಅದರ ಹೆಸರು ಅರಿತ್‌ಮೆಟಿಕ್ ಪ್ರೊಗ್ರೆಷನ್. ಸಂವೇಗ ಹೋಗಿ ಮೊಮೆಂಟಂ, ವೇಗೋತ್ಕರ್ಷ ಹೋಗಿ ಆಕ್ಸಿಲರೇಷನ್, ದ್ಯುತಿಸಂಶ್ಲೇಷಣೆ ಹೋಗಿ ಫೋಟೋಸಿಂಥಸಿಸ್. ಗೊತ್ತಿದ್ದದ್ದೇ ಗೊತ್ತಿಲ್ಲದ್ದಾಯಿತು. ಆಗಸ್ಟ್‌ನಲ್ಲಿ ನನ್ನ ಮನೆಗೆ ಬಂದು ಜಗುಲಿಯ ಮೇಲೆ ಕುಳಿತಳು. "ಮೇಡಂ, ಕ್ಲಾಸ್‌ದಾಗ ಸರ್ ಹೇಳೂದು ತಿಳೀತದ ಅನಸ್ತದ್ರಿ, ಬರೀಲಿಕ್ಕೆ ಕುಂತ್ರ ಏನೂ ಬರೂದಿಲ್ಲ" ಅಂದಳು. ಮೊದಲ ವರ್ಷ ಮೂರು ವಿಷಯ ಉಳಿಯಿತು. ಮುಂದಿನ ವರ್ಷ ಅವಳ ಮದುವೆ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದವಳೆಂದು ಅವಳ ಫೋಟೋ ಈಗಲೂ ನಮ್ಮ ಶಾಲೆಯ ಗೋಡೆಯ ಮೇಲಿದೆ.

ಏಪ್ರಿಲ್ ಮೊದಲ ವಾರ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುತ್ತದೆ. ಪಿಯು ತರಗತಿ ಶುರುವಾಗುವುದು ಜೂನ್. ಈ ನಡುವಿನ ಎಂಟು ವಾರಗಳಲ್ಲಿ ಆರು ವಾರ, ದಿನಕ್ಕೆ ಎರಡು ತಾಸು, ಬರೀ ಪದಗಳನ್ನು ಕಲಿಸಿದ್ದರೆ ಸಾಕಿತ್ತು. ಸಂವೇಗ ಎಂದರೆ ಮೊಮೆಂಟಂ, ಅಷ್ಟೇ. ಹೊಸ ವಿಜ್ಞಾನ ಬೇಡ, ಹೊಸ ಹೆಸರು ಸಾಕು. ಬೇಸಿಗೆಯಲ್ಲಿ ಇದನ್ನು ಮಾಡಲು ನಾನು ಎರಡು ವರ್ಷ ನನ್ನ ಮನೆಯಲ್ಲೇ ಪ್ರಯತ್ನಿಸಿದೆ. ಬಂದವರು ಒಂಬತ್ತು ಮಕ್ಕಳು. ಒಂಬತ್ತರಲ್ಲಿ ಎಂಟು ಮಂದಿ ಮೊದಲ ಪಿಯುಸಿ ಒಂದೇ ಏಟಿಗೆ ದಾಟಿದರು. ಇದು ಅಧ್ಯಯನ ಅಲ್ಲ, ನನ್ನ ಜಗುಲಿಯ ಲೆಕ್ಕ. ಆದರೂ ನೀವು ಬೇಕಿದ್ದರೆ ಇನ್ನೊಂದು ಜಗುಲಿಯಲ್ಲಿ ಮಾಡಿ ನೋಡಬಹುದು.

ಈಗ ಪಿಯುಸಿಯ ವಿಷಯಗಳ ಗುಂಪಿಗೆ, ಅಂದರೆ ಕಾಂಬಿನೇಷನ್‌ಗೆ ಬರುತ್ತೇನೆ. ಇದು ಯಾರೂ ಮಕ್ಕಳಿಗೆ ಬಿಡಿಸಿ ಹೇಳದ ವಿಷಯ. ಯಾವ ಬಾಗಿಲು ತೆರೆಯುತ್ತದೆ ಎಂದು ಪಾಂಪ್ಲೆಟ್ಟುಗಳಲ್ಲಿ ಇರುತ್ತದೆ, ಯಾವುದು ಮುಚ್ಚುತ್ತದೆ ಎಂದು ಇರುವುದಿಲ್ಲ. ಪಿಸಿಎಂಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ತೆಗೆದುಕೊಂಡವರಿಗೆ ಎಂಜಿನಿಯರಿಂಗೂ ಉಂಟು, ಮೆಡಿಕಲ್ಲೂ ಉಂಟು, ಅಗ್ರಿಯೂ ಉಂಟು, ಜೊತೆಗೆ ನಾಲ್ಕು ಭಾರವಾದ ವಿಷಯಗಳ ಹೊರೆಯೂ ಉಂಟು. ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿಗೆ ಹೋದವರಿಗೆ, ಆಮೇಲೆ ಬಯಾಲಜಿಯನ್ನು ಬೇರೆಯಾಗಿ ಪಾಸು ಮಾಡದ ಹೊರತು, ಮೆಡಿಕಲ್ಲಿನ ನೀಟ್ ಬಾಗಿಲು ಮುಚ್ಚಿತು, ಬಿಎಸ್ಸಿ ನರ್ಸಿಂಗೂ ಮುಚ್ಚಿತು. ಗಣಿತ ಬಿಟ್ಟವರಿಗೆ ಎಂಜಿನಿಯರಿಂಗ್ ಮುಚ್ಚಿತು. ಇನ್ನು ಆರ್ಟ್ಸಿಗೆ ಹೋದವಳಿಗೆ ಎಲ್ಲವೂ ಮುಚ್ಚಿತು ಎಂದು ಊರು ಹೇಳುತ್ತದೆ. ಸುಳ್ಳು. ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಓದಿದವಳು ಪಿಯುಸಿ ಆದ ತಕ್ಷಣ ಐದು ವರ್ಷದ ಬಿಎ ಎಲ್‌ಎಲ್‌ಬಿಗೆ ಹೋಗಬಹುದು. ಕಾನೂನು ವಿಶ್ವವಿದ್ಯಾಲಯ ಇರುವುದು ನಮ್ಮ ಪಕ್ಕದ ಹುಬ್ಬಳ್ಳಿಯಲ್ಲೇ. ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೂ ಪ್ರಯತ್ನಿಸಬಹುದು. ಜಿಎನ್‌ಎಂ ನರ್ಸಿಂಗಿಗೂ ಆರ್ಟ್ಸಿನವರು ಹೋಗಬಹುದು, ಮೂರು ವರ್ಷದ ಕೋರ್ಸು. ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಪಿಯುಸಿ ಸಾಕು, ಯಾವ ವಿಭಾಗವಾದರೂ ಸರಿ. ಕಾಮರ್ಸಿನವರಿಗೆ ಸಿಎ ಇದೆ. ಅದಕ್ಕೆ ಡಿಗ್ರಿ ಮುಗಿಸಬೇಕೆಂದೇ ನಮ್ಮೂರಿನವರು ನಂಬಿದ್ದಾರೆ, ಪಿಯುಸಿ ಆದ ಮೇಲೆ ಫೌಂಡೇಶನ್ ಪರೀಕ್ಷೆ ಬರೆದು ಶುರು ಮಾಡಬಹುದು ಎಂಬುದು ಗೊತ್ತಿಲ್ಲ. ಗೊತ್ತಿದ್ದ ಒಬ್ಬಳು ನಮ್ಮ ಶಾಲೆಯವಳೇ, ಅವಳ ಸೋದರಮಾವ ಆಡಿಟರ್ ಆಫೀಸಿನಲ್ಲಿ ಗುಮಾಸ್ತ. ಅಷ್ಟು ಪರಿಚಯ ಬೇಕು ನೋಡಿ.

ಎಸ್ಸೆಸ್ಸೆಲ್ಸಿ ಆದ ಕೂಡಲೇ ಪಿಯುಸಿ ಒಂದೇ ದಾರಿಯಲ್ಲ ಎಂಬುದನ್ನು ಹೇಳುವವರೇ ಇಲ್ಲ. ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದರೆ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಹೋಗಬಹುದು. ಪಿಯುಸಿ ದಾರಿಯಲ್ಲಿ ಎರಡು ಮತ್ತು ನಾಲ್ಕು, ಆರು ವರ್ಷ. ಡಿಪ್ಲೊಮಾ ದಾರಿಯಲ್ಲಿ ಮೂರು ಮತ್ತು ಮೂರು, ಅದೂ ಆರು ವರ್ಷ. ಲೆಕ್ಕ ಸಮ. ಆದರೆ ಎರಡನೇ ದಾರಿಯಲ್ಲಿ ನಡುವೆ ಬಿಟ್ಟರೂ ಕೈಯಲ್ಲಿ ಒಂದು ಕೆಲಸ ಇರುತ್ತದೆ. ಬಡವರ ಮನೆಯಲ್ಲಿ ಯಾವ ವರ್ಷ ಓದು ನಿಲ್ಲುತ್ತದೆ ಎಂದು ಹೇಳಲಾಗದು, ಆದ್ದರಿಂದ ಈ ವ್ಯತ್ಯಾಸ ದೊಡ್ಡದು. ಐಟಿಐ ಮಾಡಿದವರೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಅಂದರೆ 'ಎದಕ್ಕೂ ಬರಲಾರದವ' ಎನಿಸಿಕೊಂಡ ಹುಡುಗನಿಗೂ ಮೆಟ್ಟಿಲು ಮೆಟ್ಟಿಲಾಗಿ ಎಂಜಿನಿಯರ್ ಆಗುವ ದಾರಿ ನಿಮ್ಮ ಸರ್ಕಾರವೇ ಕಟ್ಟಿದೆ. ದಾರಿಗೆ ಬೋರ್ಡು ಹಾಕುವುದು ಮಾತ್ರ ಮರೆತಿದೆ.

ಜಿಟಿಟಿಸಿ ಎಂಬ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಹೆಸರು ನಾನು ಮೊದಲು ಕೇಳಿದ್ದು ನೌಕರಿಗೆ ಸೇರಿ 19 ವರ್ಷವಾದ ಮೇಲೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದಂತೆ. ಈಗ ಹುಬ್ಬಳ್ಳಿಯೂ ಸೇರಿ ಅನೇಕ ಊರುಗಳಲ್ಲಿದೆ. ಎಸ್ಸೆಸ್ಸೆಲ್ಸಿ ಆದವರನ್ನು ತೆಗೆದುಕೊಂಡು ಟೂಲ್ ಆ್ಯಂಡ್ ಡೈ ಮೇಕಿಂಗ್ ಕಲಿಸುತ್ತಾರೆ, ಮೂರು ವರ್ಷ ಅಲ್ಲಿ, ಕಡೆಯ ಒಂದು ವರ್ಷ ಕಾರ್ಖಾನೆಯಲ್ಲೇ. ನಮ್ಮ ಶಾಲೆಯಿಂದ ಅಲ್ಲಿಗೆ ಹೋದವನು ಒಬ್ಬನೇ ಒಬ್ಬ. ಗಣಿತದಲ್ಲಿ 38 ತೆಗೆದಿದ್ದ, ನನ್ನ ಕೈಯಲ್ಲೇ. ಈಗ ಅವನು ಅಳೆಯುವುದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗ. ಹಬ್ಬಕ್ಕೆ ಬಂದಾಗ ಪೆಡೆಯ ಡಬ್ಬಿ ತಂದು, "ಮೇಡಂ, ನೀವು ಕಲಿಸಿದ್ದ ಟ್ರಿಗ್ನಾಮೆಟ್ರಿ ದಿನಾ ಬೇಕಾಗ್ತದ್ರಿ" ಎಂದು ನಕ್ಕ. ನಗುವುದೋ ಅಳುವುದೋ ತಿಳಿಯಲಿಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆಯನ್ನು ಅವನು ಬಿಟ್ಟೇ ಬಂದಿದ್ದ.

ಕಾಲಬುಡದಲ್ಲಿದ್ದದ್ದೂ ಕಾಣುವುದಿಲ್ಲ. ಬೆಟಗೇರಿಯ ಓಣಿಗಳಲ್ಲಿ ಇಂದಿಗೂ ಮಗ್ಗದ ಸದ್ದಿದೆ. ಕೈಮಗ್ಗ ತಂತ್ರಜ್ಞಾನದ ಮೂರು ವರ್ಷದ ಡಿಪ್ಲೊಮಾ ಕೊಡುವ ಸಂಸ್ಥೆ ಗದಗಿನಲ್ಲೇ ಇದೆ. ನೇಕಾರರ ಮನೆಯ ನನ್ನ ಎಷ್ಟೋ ವಿದ್ಯಾರ್ಥಿಗಳು ಅದರ ಮುಂದಿನಿಂದ ಸೈಕಲ್ ಹೊಡೆದುಕೊಂಡು ಹೋಗಿ, ಮನಸ್ಸಿಲ್ಲದ ಬಿಎ ಮಾಡಿದರು. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ, ಅದರ ಬುಡದ ಹಳ್ಳಿಯ ಹುಡುಗರಿಗೆ ಅದನ್ನು ರಿಪೇರಿ ಮಾಡುವ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಟ್ರೇಡಿನಿಂದ ದಾರಿ ಇದೆ ಎಂದು ಹೇಳಿದವರಿಲ್ಲ. ಕೃಷಿ ವಿಶ್ವವಿದ್ಯಾಲಯಗಳು ಎಸ್ಸೆಸ್ಸೆಲ್ಸಿ ಆದವರಿಗೆ ಎರಡು ವರ್ಷದ ಕೃಷಿ ಡಿಪ್ಲೊಮಾ ಕೊಡುತ್ತವೆ, ಅದೂ ಕನ್ನಡ ಮಾಧ್ಯಮದಲ್ಲಿ. ಕನ್ನಡದಲ್ಲೇ ಓದಿ ತಾಂತ್ರಿಕ ಕೆಲಸಕ್ಕೆ ಹೋಗುವ ದಾರಿ ನಮ್ಮ ರಾಜ್ಯದಲ್ಲಿ ಬೆರಳೆಣಿಕೆ, ಅದರಲ್ಲಿ ಇದೊಂದು. ಬೀಜ ಗುರುತಿಸುತ್ತಿದ್ದ ಆ ಹುಡುಗನಿಗೆ ಇದು ಹತ್ತನೇ ತರಗತಿಯಲ್ಲೇ ಗೊತ್ತಿದ್ದರೆ! ಬಿಡಿ, ಹೀಗೆ ಹೇಳುತ್ತಾ ಕುಳಿತರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

2022ರಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ದಾರೆ. ವಿದ್ಯುತ್ ವಾಹನದ ಮೆಕ್ಯಾನಿಕ್, ರೋಬೋಟಿಕ್ಸ್, ಸಿಎನ್‌ಸಿ ಎಂದೆಲ್ಲ ಹೊಸ ಟ್ರೇಡುಗಳು ಬಂದಿವೆ. ನಾನು ಒಂದನ್ನು ಹೋಗಿ ನೋಡಿ ಬಂದೆ, ಯಂತ್ರಗಳು ಥಳಥಳ ಹೊಳೆಯುತ್ತಿದ್ದವು. ಹುಡುಗಿಯರು ಎಷ್ಟು ಮಂದಿ ಇದ್ದಾರೆ ಎಂದು ಕೇಳಿದೆ. ಅಲ್ಲಿನ ಕಿರಿಯ ತರಬೇತಿ ಅಧಿಕಾರಿ ನಗುತ್ತಾ ಎರಡು ಬೆರಳು ತೋರಿಸಿದರು. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ಇಲ್ಲ, ಅದು ದೊಡ್ಡ ಉಪಕಾರ, ನಾನೇ ಕಣ್ಣಾರೆ ಕಂಡಿದ್ದೇನೆ. ತಾಲ್ಲೂಕು ದಾಟಿ ಓದಲು ಹೋಗುವ ಹುಡುಗಿಯರು ನಮ್ಮೂರಲ್ಲಿ ಹೆಚ್ಚಾಗಿದ್ದಾರೆ. ಆದರೆ ಅವರೆಲ್ಲ ಹತ್ತುವ ಬಸ್ಸು ಡಿಗ್ರಿ ಕಾಲೇಜಿನದೇ. ಐಟಿಐ ಗಂಡುಹುಡುಗರದು ಎಂದು ಅವರ ಅವ್ವಂದಿರು ತೀರ್ಮಾನಿಸಿಬಿಟ್ಟಿದ್ದಾರೆ, ಅಲ್ಲವೆಂದು ಹೇಳುವವರು ಮನೆಗೆ ಹೋಗಿಲ್ಲ.

ಮನೆಗೆ ಹೋಗುವವರು ಬೇರೆಯವರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವ ಮೊದಲೇ ಖಾಸಗಿ ಪಿಯು ಕಾಲೇಜುಗಳ ಮಂದಿ ಮಕ್ಕಳ ಹೆಸರು, ಫೋನ್ ನಂಬರು ಹಿಡಿದು ಬರುತ್ತಾರೆ. ನಂಬರು ಅವರಿಗೆ ಎಲ್ಲಿಂದ ಸಿಗುತ್ತದೋ ದೇವರೇ ಬಲ್ಲ. ಬಣ್ಣದ ಪಾಂಪ್ಲೆಟ್, ಹಾಸ್ಟೆಲ್, ನೀಟ್ ಕೋಚಿಂಗ್ ಒಟ್ಟಿಗೆ ಎಂಬ ಮಾತು. ನಮ್ಮ ಶಾಲೆಯ ಅಡುಗೆ ಸಹಾಯಕಿಯೊಬ್ಬಳು ಕೊರಳಿನ ಬಂಗಾರ ಅಡ ಇಟ್ಟು ಮಗನನ್ನು ಅಂಥ ಕಡೆ ಹಚ್ಚಿದಳು. ಹುಡುಗನಿಗೆ ಮೂರು ತಿಂಗಳಲ್ಲಿ ಹೊಟ್ಟೆನೋವು, ಊಟ ಸೇರದು, ನಿದ್ದೆ ಇಲ್ಲ. ವಾಪಸು ಕರೆತರಲು ಹೋದರೆ ಉಳಿದ ಫೀ ಕಟ್ಟುವವರೆಗೆ ಟಿಸಿ ಕೊಡುವುದಿಲ್ಲ ಎಂದರು. ಕಾಲೇಜಿನ ಹೆಸರು ಇಲ್ಲಿ ಬೇಡ. ಹುಡುಗನ ಒಂದು ವರ್ಷ ಹೋಯಿತು, ಬಂಗಾರ ಇನ್ನೂ ಬಿಡಿಸಿಕೊಂಡಿಲ್ಲ. ಅವರು ಮನೆಗೆ ಹೋಗಿ ಹೇಳುವುದು ತಪ್ಪು ಎನ್ನುವುದಿಲ್ಲ. ನಮ್ಮವರು ಯಾರೂ ಹೋಗದಿದ್ದಾಗ ಅವರ ಮಾತೇ ಮಾತು.

ಪಿಯುಸಿ ಆದ ಮೇಲಿನ ಕಥೆ ಇನ್ನೂ ವಿಚಿತ್ರ. ಸಿಇಟಿ ಎಂದರೆ ಎಂಜಿನಿಯರಿಂಗ್ ಎಂದಷ್ಟೇ ನಮ್ಮ ಮಕ್ಕಳಿಗೆ ಗೊತ್ತು. ಅದೇ ಒಂದು ಸಿಇಟಿಯಿಂದ ಶಿರಸಿಯಲ್ಲಿ ಅರಣ್ಯ ವಿಜ್ಞಾನ, ಬಾಗಲಕೋಟೆಯ ವಿಶ್ವವಿದ್ಯಾಲಯದಡಿ ತೋಟಗಾರಿಕೆ, ಮಂಗಳೂರಿನಲ್ಲಿ ಮೀನುಗಾರಿಕೆ, ಚಿಂತಾಮಣಿಯಲ್ಲಿ ರೇಷ್ಮೆ, ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಓದಬಹುದು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಬಾರದ, ಕಿವಿ ಕೇಳದ ಮಕ್ಕಳಿಗೆ ನೆರವಾಗುವ ಪದವಿ ಇದೆ, ಅದಕ್ಕೆ ಬೇರೆ ಪ್ರವೇಶ ಪರೀಕ್ಷೆ. ಅದೇ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ನಾಲ್ಕು ವರ್ಷಕ್ಕೆ ಪದವಿಯೂ ಬಿಎಡ್ಡೂ ಒಟ್ಟಿಗೆ ಮುಗಿಯುತ್ತದೆ. ಊರಲ್ಲೇ ಮಾಡಿದರೆ ಮೂರು ಮತ್ತು ಎರಡು, ಐದು ವರ್ಷ. ಶಿಕ್ಷಕಿಯಾಗಬೇಕೆಂದು ನನ್ನ ಬಳಿ ಬಂದ ಹುಡುಗಿಯರಿಗೆ ನಾನೇ ಎಷ್ಟೋ ವರ್ಷ ಆ ಐದು ವರ್ಷದ ದಾರಿ ತೋರಿಸಿದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಶಿಕ್ಷಕಿಗೇ ಶಿಕ್ಷಕಿಯಾಗುವ ಹತ್ತಿರದ ದಾರಿ ಗೊತ್ತಿಲ್ಲದ ಮೇಲೆ ಇನ್ನುಳಿದದ್ದರ ಮಾತೇನು?

ಸೀಟು ಹಂಚಿಕೆಯ ಹೊತ್ತಿಗಂತೂ ಭಯ ಬುದ್ಧಿಯನ್ನು ನುಂಗುತ್ತದೆ. ಆಪ್ಷನ್ ಎಂಟ್ರಿಯಲ್ಲಿ ಎಷ್ಟು ಕಾಲೇಜು ಬೇಕಾದರೂ ಹಾಕಬಹುದು, ಮೇಲೆ ಹಾಕಿದ್ದು ಮೊದಲು ನೋಡುತ್ತಾರೆ. ಆದರೆ ಜಾಸ್ತಿ ಹಾಕಿದರೆ ದೂರದ್ದು ಸಿಗುತ್ತದೆ ಎಂದು ಹೆದರಿ ಮೂರೇ ಮೂರು ಹಾಕಿ, ಒಂದೂ ಸಿಗದೆ ಕುಳಿತವಳನ್ನು ನಾನು ಬಲ್ಲೆ. ಸೀಟು ಸಿಕ್ಕ ಮೇಲೆ ಒಂದರಿಂದ ನಾಲ್ಕರವರೆಗೆ ಛಾಯ್ಸು. ಒಂದು ಎಂದರೆ ಒಪ್ಪಿ ಸೇರುವುದು. ಎರಡು ಎಂದರೆ ಇದನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಕಾಯುವುದು. ಮೂರು ಎಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು ಎಂದರೆ ಆಟದಿಂದಲೇ ಹೊರಗೆ. ಎರಡಕ್ಕೂ ಮೂರಕ್ಕೂ ಇರುವ ಅಂತರ ತಿಳಿಯದೆ ಕೈಯಲ್ಲಿದ್ದ ಸೀಟು ಕಳೆದುಕೊಂಡವರು ಪ್ರತಿ ವರ್ಷ ಇದ್ದಾರೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಬೇರೆ ಮೀಸಲಾತಿ ಇದೆ, ನಮ್ಮ ಭಾಗದ ಪಕ್ಕದ ಜಿಲ್ಲೆಗಳವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ. ನಮ್ಮ ಮಕ್ಕಳಿಗಾಗಿಯೇ ಬರೆದ ಕಾನೂನುಗಳು ಇವು. ನಮ್ಮ ಮಕ್ಕಳಿಗೇ ಗೊತ್ತಿಲ್ಲ.

ಸರ್ಕಾರ ದುಡ್ಡು ಕೊಡುವುದಿಲ್ಲ ಎಂದು ನಾನು ಹೇಳಲಾರೆ. ಹಾಗೆ ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ವಿದ್ಯಾಸಿರಿ ಇದೆ. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾ ಸೇರಿದ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000 ರೂಪಾಯಿ ಎಂದು ಗೊತ್ತುಮಾಡಿದರು. ಅರಿವು ಸಾಲ ಇದೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಯುವನಿಧಿಗೆ ಚಾಲನೆ ಕೊಟ್ಟರು. ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಗಣಿತದವಳಾದ್ದರಿಂದ ಗುಣಿಸಿ ನೋಡಿದೆ. ಒಬ್ಬ ನಿರುದ್ಯೋಗಿ ಪದವೀಧರನಿಗೆ ಎರಡು ವರ್ಷಕ್ಕೆ 72,000 ರೂಪಾಯಿ. ಕೊಡಿ, ಬೇಡ ಎನ್ನುವುದಿಲ್ಲ. ಝೆರಾಕ್ಸ್ ಅಂಗಡಿಯ ನನ್ನ ಶಿಷ್ಯನಂಥವರಿಗೆ ಬೇಕೇ ಬೇಕು. ಆದರೆ ಆ ಹುಡುಗ ಐದು ವರ್ಷದ ಹಿಂದೆ ಯಾವ ಪದವಿ ಎಂದು ತೀರ್ಮಾನಿಸುತ್ತಿದ್ದ ಆ ವಾರ, ಅವನ ಪಕ್ಕದಲ್ಲಿ ಒಬ್ಬರನ್ನು ಕೂರಿಸಲು ಎಷ್ಟು ಖರ್ಚಾಗುತ್ತಿತ್ತು?

ಹೊಸ ಹುದ್ದೆ ಕೇಳುತ್ತಿಲ್ಲ, ಕೇಳಿದರೆ ಹಣಕಾಸು ಇಲಾಖೆಯ ಹೆಸರು ಹೇಳುತ್ತೀರಿ. ಪ್ರತಿ ಕ್ಲಸ್ಟರಿಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೆ, ಒಬ್ಬ ಸಂಪನ್ಮೂಲ ವ್ಯಕ್ತಿ, ಸಿಆರ್‌ಪಿ ಇದ್ದಾರೆ. ಅವರೂ ಶಿಕ್ಷಕರೇ, ದಿನವಿಡೀ ನಿಮ್ಮ ಮಾಹಿತಿ ನಮೂನೆಗಳನ್ನು ತುಂಬುತ್ತಿರುತ್ತಾರೆ. ಮೇ ಮತ್ತು ಜೂನ್, ಈ ಎರಡು ತಿಂಗಳು ಅವರಿಗೆ ನಮೂನೆಗಳಿಂದ ಬಿಡುಗಡೆ ಕೊಡಿ. ಪ್ರತಿ ಪ್ರೌಢಶಾಲೆಯಲ್ಲಿ ವಾರಕ್ಕೆ ಎರಡು ದಿನ ಕುಳಿತು, ಬಂದ ಅಪ್ಪ-ಅವ್ವಂದಿರಿಗೆ ಹೇಳಲಿ. ಅದಕ್ಕೂ ಮೊದಲು ಅವರಿಗೇ ಕಲಿಸಬೇಕು. ನನ್ನನ್ನೇ ನೋಡಿ, 19 ವರ್ಷ ಜಿಟಿಟಿಸಿ ಹೆಸರು ಕೇಳಿರಲಿಲ್ಲ. ಎಲ್ಲ ಇಲಾಖೆಗಳವರೂ ಪ್ರವೇಶದ ತಾರೀಖುಗಳನ್ನು ಜನವರಿಯಲ್ಲೇ ನಿಮಗೆ ಕೊಡಲಿ, ನೀವು ಒಂದೇ ಹಾಳೆಯಲ್ಲಿ ಅಚ್ಚುಹಾಕಿ ಪ್ರತಿ ಶಾಲೆಯ ಗೋಡೆಗೆ ಅಂಟಿಸಿ. ಪಿಯು ಸೇರಿದ ಮೇಲೆ ಹೇಳಿದರೆ ತಡವಾಯಿತು, ಹತ್ತನೆಯಲ್ಲಿ ಪರೀಕ್ಷೆಯ ಗದ್ದಲ. ಒಂಬತ್ತನೇ ತರಗತಿಯಲ್ಲೇ ಮಕ್ಕಳ ಕೈಗೆ ಒಂದು ಕನ್ನಡ ಪುಸ್ತಿಕೆ ಕೊಡಿ. ಮುಚ್ಚುವ ಬಾಗಿಲುಗಳೂ ಅದರಲ್ಲಿರಲಿ.

ಎಸ್‌ಎಟಿಎಸ್‌ನಲ್ಲಿ, ಅಂದರೆ ಇಲಾಖೆಯ ವಿದ್ಯಾರ್ಥಿ ದಾಖಲೆಯ ಜಾಲದಲ್ಲಿ, ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. ಒಂದನೇ ತರಗತಿಯಿಂದ ಅದರ ಹೆಸರು, ಊರು, ಮಾಧ್ಯಮ, ಅಂಕ ಎಲ್ಲವೂ ನಿಮ್ಮ ಕಂಪ್ಯೂಟರಿನಲ್ಲಿದೆ. ಒಂದು ವರ್ಷವಾದ ಮೇಲೆ ಆ ಮಗು ಎಲ್ಲಿದೆ ಎಂದು ನೋಡಿ, ಅದು ಓದಿದ ಶಾಲೆಗೆ ತಿಳಿಸಿ. ಶೇಕಡಾವಾರು ಫಲಿತಾಂಶ ಕಡಿಮೆಯಾದರೆ ನೋಟಿಸು ಕೊಡುತ್ತೀರಲ್ಲ, ಹಾಗೆಯೇ 'ನಿಮ್ಮ ಶಾಲೆಯಿಂದ ಪಾಸಾದ 62 ಮಂದಿಯಲ್ಲಿ 14 ಮಂದಿ ಎಲ್ಲಿಯೂ ಸೇರಿಲ್ಲ' ಎಂದು ಒಂದು ಚೀಟಿ ಕಳಿಸಿ. ನೋಟಿಸು ಬೇಡ, ಬರೀ ಚೀಟಿ. ಮುಖ್ಯೋಪಾಧ್ಯಾಯರು ಮರುದಿನವೇ ಮನೆ ಹುಡುಕಿಕೊಂಡು ಹೋಗುತ್ತಾರೆ, ನಾನು ಬಲ್ಲೆ, ನಮ್ಮವರಲ್ಲಿ ಅಷ್ಟು ಮರ್ಯಾದೆ ಇನ್ನೂ ಉಳಿದಿದೆ.

ಫೇಲಾದವರ ಬಗ್ಗೆಯೂ ಒಂದು ಮಾತು. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಮಾಡಿದಿರಿ, ಅದು ಒಳ್ಳೆಯ ಕೆಲಸ, ಮಕ್ಕಳ ವರ್ಷ ಉಳಿಯಿತು. ಆದರೆ ಮೂರನೆಯದರಲ್ಲಿ ಪಾಸಾಗಿ ಬಂದ ಹೊತ್ತಿಗೆ ನಮ್ಮ ಕಡೆ ಹಾಸ್ಟೆಲ್ ಭರ್ತಿಯಾಗಿತ್ತು, ಒಳ್ಳೆಯ ಟ್ರೇಡುಗಳೂ ಭರ್ತಿಯಾಗಿದ್ದವು. ಪಾಸು ಮಾಡಿದ ಮೇಲೆ ಕೂರಲು ಒಂದು ಕುರ್ಚಿಯನ್ನೂ ಉಳಿಸಿಡಬೇಕಲ್ಲವೇ?

ನಾಲ್ಕು ವರ್ಷದ ಪದವಿ ಎಂದು 2021ರಲ್ಲಿ ಮಾಡಿ, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಸಿದಿರಲ್ಲ, ಆ ನಡುವೆ ಸಿಕ್ಕಿಕೊಂಡವರ ಗೊಂದಲ ಬೇರೆಯದೇ ಪತ್ರಕ್ಕೆ ಆಗುತ್ತದೆ. ಅದು ನಿಮ್ಮ ಇಲಾಖೆಯದೂ ಅಲ್ಲ. ಅದನ್ನು ಇನ್ನೊಬ್ಬ ಸಚಿವರಿಗೆ ಬರೆಯುತ್ತೇನೆ, ಈಗ ಬಿಡುವಿದೆ.

ಪುಸ್ತಿಕೆಯ ಕರಡನ್ನು ನಾನೇ ಬರೆದಿಟ್ಟಿದ್ದೇನೆ. 46 ಪುಟ, ಕೈಬರಹ, ನೀಲಿ ಫೈಲಿನಲ್ಲಿದೆ. ಗದಗ ಜಿಲ್ಲೆಯ ಲೆಕ್ಕದಲ್ಲಿ ಬರೆದದ್ದು, ಬೇರೆ ಜಿಲ್ಲೆಗೆ ಆಯಾ ಊರಿನವರು ತಿದ್ದಿಕೊಳ್ಳಬೇಕು. ತಪ್ಪುಗಳಿರಬಹುದು, ತಿಳಿದವರು ಪರಿಶೀಲಿಸಲಿ. ನನ್ನ ಹೆಸರು ಹಾಕುವುದು ಬೇಡ, ಸಂಭಾವನೆ ಬೇಡ. ಒಂದು ಪ್ರತಿಯನ್ನು ಬಸ್ ಸ್ಟ್ಯಾಂಡಿನ ಅಂಗಡಿಗೆ ಕೊಟ್ಟು ಬಂದಿದ್ದೇನೆ. ಶಿಷ್ಯ ಅದನ್ನು ಝೆರಾಕ್ಸ್ ಮಾಡಿ ಕೌಂಟರಿನ ಮೇಲಿಟ್ಟಿದ್ದಾನೆ. 37ನೇ ಪುಟದಲ್ಲಿ ಕೃಷಿಕರ ಕೋಟಾದ ಚೌಕದ ಚಿತ್ರ ಇದೆ. ಅದರ ಸುತ್ತ ಅವನು ತಾನಾಗಿಯೇ ಕೆಂಪು ಪೆನ್ನಿನಲ್ಲಿ ಗುಂಡಗೆ ಗೆರೆ ಎಳೆದಿದ್ದಾನೆ.

ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ
ಗದಗ ಜಿಲ್ಲೆ